ಮಸ್ಕಿ ಹ್ಯಾಸ್ ಎ ರಿವರ್

ಹಲಗೆಯ ಮೇಲೆ ನಾನು ತ್ರಿಕೋನದ ಪ್ರಮೇಯ ಬಿಡಿಸುತ್ತಿದ್ದೆ. ಅರ್ಧಕ್ಕೆ ಬಂದಿದ್ದೆ ಅಷ್ಟೇ, ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್ರ, ಬಸ್‌ಸ್ಟ್ಯಾಂಡಿಗೆ ಹೋಗಿ ಬರ್ತೀನ್ರಿ."

"ಯಾಕ?"

"ಮುದಗಲ್ ಬಸ್ ಇನ್ನೂ ಬೇವಿನ ಗಿಡದ ಕೆಳಗ ನಿಂದರತೈತೋ ಇಲ್ಲೋ ನೋಡಿ ಬಾ ಅಂದಾರ್ರಿ ಇಂಗ್ಲಿಷ್ ಸರ್. ಮುಂದಿನ ತಾಸು ಅವರದೈತ್ರಿ."

ಒಂದು ಇಂಗ್ಲಿಷ್ ವಾಕ್ಯ ನಿಜವೋ ಸುಳ್ಳೋ ನೋಡಿಕೊಂಡು ಬರಲು ನನ್ನ ಗಣಿತದ ತರಗತಿಯಿಂದ ಮಗುವನ್ನು ಬಸ್‌ಸ್ಟ್ಯಾಂಡಿಗೆ ಅಟ್ಟುವ ಮಾಸ್ತರರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಬರೀ ಕಂಡಿದ್ದಲ್ಲ, ಎಂಬತ್ತರ ದಶಕದಲ್ಲಿ ಮಸ್ಕಿಯ ಹೈಸ್ಕೂಲಿನಲ್ಲಿ ಅವರ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ಕುಳಿತು ತಲೆ ಚಿಟ್ಟು ಹಿಡಿಸಿಕೊಂಡಿದ್ದೇನೆ. ನಾನು ಲಿಂಗಸುಗೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬೆಳಿಗ್ಗೆ ಬಸ್ಸು ಇಳಿಯುವಾಗಲೇ, ಇವತ್ತು ಈ ಮನುಷ್ಯ ಏನು ತಕರಾರು ತೆಗೆದು ಕೂತಿರುತ್ತಾರೋ ಎಂದು ಲೆಕ್ಕ ಹಾಕತೊಡಗುತ್ತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಮಸ್ಕಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, ಇಂಗ್ಲಿಷ್ ಸರ್ ಎಂದರೆ ಸಾಕಿತ್ತು. ತೆಳ್ಳಗೆ, ಕಪ್ಪಗೆ, ಧೋತರ, ಮೇಲೆ ಬೂದು ಕೋಟು. ಕೈಯಲ್ಲಿ ಹನ್ನೆರಡು ತಿಂಗಳೂ ಕೊಡೆ. ನಮ್ಮ ಕಡೆ ಮಳೆ ಬರುವುದೇ ಅಪರೂಪ. ಬಿಸಿಲಿಗಿರಬೇಕು ಎಂದುಕೊಂಡರೆ ಬಿಸಿಲಲ್ಲೂ ಅದನ್ನು ಬಿಚ್ಚಿದವರಲ್ಲ. ಮಡಚಿದ ಕೊಡೆಯ ತುದಿಯಿಂದ ಹಲಗೆಯ ಮೇಲಿನ ಅಕ್ಷರ ತೋರಿಸುತ್ತಿದ್ದರು. ಮಗು ಏನಾದರೂ ಗಾಳಿಮಾತು ಆಡಿದರೆ ಕಣ್ಣು ಮುಚ್ಚಿಕೊಂಡು ಕೊಡೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, "ನೋಡೀಯೇನು?" ಎಂದು ಕೇಳುತ್ತಿದ್ದರು. ಅವರ ಪಾಠವೆಲ್ಲ ಈ ಒಂದು ಮಾತಿನ ಮೇಲೆ ನಡೆಯುತ್ತಿತ್ತು.

ಪಠ್ಯಪುಸ್ತಕದಲ್ಲಿ ಲಂಡನ್ ಇದ್ದರೆ ಅದನ್ನು ತೆಗೆದು ಮಸ್ಕಿ ಎಂದು ಬರೆಯುತ್ತಿದ್ದರು. ಪ್ಯಾರಿಸ್ ಇದ್ದರೂ ಮಸ್ಕಿ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮಸ್ಕಿ ಎಂದು ಹಾಕಿದ ಮೇಲೆ ವಾಕ್ಯ ಖರೇ ಆಗಿರಬೇಕು; ಬರೆಯುವ ಮಗು ಅದನ್ನು ಕಣ್ಣಾರೆ ಕಂಡಿರಬೇಕು. 'ಮಸ್ಕಿ ಹ್ಯಾಸ್ ಎ ರಿವರ್. ದಿ ರಿವರ್ ಹ್ಯಾಸ್ ನೋ ವಾಟರ್.' ಮಸ್ಕಿಗೆ ಒಂದು ನದಿಯಿದೆ, ನದಿಯಲ್ಲಿ ನೀರಿಲ್ಲ. ಎಂಟನೆಯ ತರಗತಿಗೆ ಬಂದ ಪ್ರತಿ ಮಗುವೂ ಕಲಿಯುತ್ತಿದ್ದ ಮೊದಲ ಎರಡು ವಾಕ್ಯ ಇವು. ಅವರು ಮೊದಲನೆಯದನ್ನು ಕೂಗಬೇಕು, ತರಗತಿ ಎರಡನೆಯದನ್ನು ಕೂಗಬೇಕು. ಪಕ್ಕದ ಕೋಣೆಯಲ್ಲಿ ನನ್ನ ಬೀಜಗಣಿತದ ಗತಿ ಏನಾಗಿರಬೇಕು, ನೀವೇ ಹೇಳಿ.

ಒಮ್ಮೆ ತಡೆಯಲಾರದೆ ಕೇಳಿದೆ. "ಸರ್, ಅದೇನು ನದಿ ಏನ್ರಿ? ಊರ ಮಂದಿಯೆಲ್ಲಾ ಹಳ್ಳ ಅಂತಾರ."

"ಮೇಡಂ, ಅದು ತುಂಗಭದ್ರಾಕ್ಕ ಹೋಗಿ ಕೂಡತೈತಿ. ದಂಡಿ ಹಿಡದು ನಡಕೊಂತ ಹೋಗಿ ನೋಡಿ ಬಂದೀನ್ರಿ. ನದಿ ಅನ್ನಾಕ ಇನ್ನೇನು ಬೇಕ್ರಿ?"

ಬೇಸಿಗೆ ರಜೆಯಲ್ಲಿ ಮಕ್ಕಳು ಮರಿ ಇದ್ದ ಗೃಹಸ್ಥ ಒಣ ಹಳ್ಳದ ಜಾಡು ಹಿಡಿದು ತುಂಗಭದ್ರೆಯವರೆಗೆ ನಡೆದುಹೋಗುತ್ತಾರೆಂದರೆ ನಾನು ಏನು ಹೇಳಲಿ? ಹಣೆ ಬಡಿದುಕೊಂಡು ನನ್ನ ತರಗತಿಗೆ ಹೋದೆ.

ಇಷ್ಟೆಲ್ಲ ಮಸ್ಕಿ ಮಸ್ಕಿ ಎನ್ನುವವರು ಮಸ್ಕಿಯವರೇ ಇರಬೇಕು ಎಂದುಕೊಂಡಿದ್ದೆ. ಅದೂ ಅಲ್ಲ. ಮುದಗಲ್ಲಿನವರು. ಗೊತ್ತಾದ ದಿನ ನನಗೆ ಇನ್ನಷ್ಟು ರೇಗಿತು. "ಹಂಗಾರ ಮುದಗಲ್ ಅನ್ರಿ! ಈ ಮಸ್ಕಿ ಯಾಕ್ರಿ?"

"ಈ ಹುಡುಗರು ಮುದಗಲ್ ನೋಡ್ಯಾರೇನ್ರಿ?" ಎಂದರು. ಆಮೇಲೆ ಕನ್ನಡಕ ತೆಗೆದು ಧೋತರದ ಚುಂಗಿನಲ್ಲಿ ಒರೆಸುತ್ತ, ಅಪರೂಪಕ್ಕೆ ತಮ್ಮ ವಿಷಯ ಹೇಳಿದರು. "ನೌಕರಿ ಕೇಳಾಕ ಗುಲ್ಬರ್ಗಾಕ್ಕ ಹೋಗಿದ್ದೆ. ಸಾಹೇಬ್ರು ಇಂಗ್ಲಿಷ್‌ನ್ಯಾಗ ಕೇಳಿದ್ರು, ನಿಮ್ಮ ಊರಾಗ ಏನೈತಿ ಅಂತ. ಮುದಗಲ್ಲಿನಾಗ ಏನೈತ್ರಿ? ಕಣ್ಣಿಗೆ ಹೊಡಿಯೂ ಹಂಗ ಕ್ವಾಟಿ ಐತಿ. ಆ ಕ್ವಾಟಿ ಗ್ವಾಡಿ ಮ್ಯಾಲ ಕುಂತು ನಾ ಇಂಗ್ಲಿಷ್ ಓದಿದಂವ. ಆದ್ರ ನನ್ನ ಬಾಯಾಗ ಏನು ಬಂತು ಹೇಳ್ರಿ? ಲಂಡನ್ ಬ್ರಿಜ್ಜು! ಕಲತಿದ್ದು ಅದನ್ನ. ನಮ್ಮ ಕ್ವಾಟಿ ಬಗ್ಗೆ ಒಂದು ವಾಕ್ಯ ಬರಲಿಲ್ಲ ಮೇಡಂ, ಒಂದು."

"ಮತ್ತ ನೌಕರಿ?"

"ಕೊಟ್ರು. ಲಂಡನ್ ಬಗ್ಗೆ ಭಾಳ ಚೊಲೋ ಹೇಳಿದೆನಂತ."

ನನಗೆ ನಗು ಬಂತು. ಅವರು ನಗಲಿಲ್ಲ. ಕಣ್ಣೆದುರಿನ ಕೋಟೆ ಬಿಟ್ಟು ಲಂಡನ್ ಹೇಳಿ ಆ ನೌಕರಿ ಸಿಕ್ಕಿದ್ದೇ ಅವರಿಗೆ ಒಂದು ಅವಮಾನವಾಗಿ ಉಳಿದುಬಿಟ್ಟಿತ್ತು.

ಗಡಿಯಾರದ ರಾಮಾಯಣವನ್ನೂ ಹೇಳಿಬಿಡುತ್ತೇನೆ. ಊರಿನ ದೊಡ್ಡ ವ್ಯಾಪಾರಿಯೊಬ್ಬರು ಶಾಲೆಗೆ ಗೋಡೆ ಗಡಿಯಾರ ಕೊಟ್ಟಿದ್ದರು. ಆ ವರ್ಷ ಆಗಸ್ಟ್ ಹದಿನೈದಕ್ಕೆ ಅವರೇ ಮುಖ್ಯ ಅತಿಥಿ. ಹೆಡ್‌ಮಾಸ್ತರರಿಗೆ ಒಂದು ಮಗುವಿನ ಕೈಲಿ ಇಂಗ್ಲಿಷ್ ಭಾಷಣ ಮಾಡಿಸುವ ಹುಕಿ. ಮಗು ಎದ್ದು ಕೈ ಕಟ್ಟಿಕೊಂಡು, ಮಸ್ಕಿಯ ನಮ್ಮ ಶಾಲೆಗೆ ಒಂದು ಗಡಿಯಾರವಿದೆ, ಅದು ನಡೆಯುವುದಿಲ್ಲ ಎಂದು ಗಂಟೆ ಹೊಡೆದ ಹಾಗೆ ಇಂಗ್ಲಿಷಿನಲ್ಲಿ ಹೇಳಿತು. ಅತಿಥಿಗಳಿಗೆ ಅರ್ಥವಾಗಲಿಲ್ಲ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಪುಣ್ಯಾತ್ಮ ಯಾರೋ ಕಿವಿಯಲ್ಲಿ ಅನುವಾದ ಮಾಡಿದರು.

ಹೆಡ್‌ಮಾಸ್ತರರು ಹರಿಹಾಯ್ದರೆ, ಭಾಷಣ ಕಲಿಸಿದ ಇಂಗ್ಲಿಷ್ ಸರ್, "ಗಡಿಯಾರ ನಿಂತೈತಲ್ರಿ" ಎಂದರು.

"ನಿಂತಿದ್ದು ಎಲ್ಲಾರಿಗೂ ಕಾಣಾಕತ್ತೈತಿ. ಅದನ್ನ ಮೈಕಿನಾಗ ಹೇಳಬೇಕೇನ್ರಿ?"

"ಎಲ್ಲಾರಿಗೂ ಕಾಣಾಕತ್ತೈತಿ ಅಂದ ಮ್ಯಾಲ ಖರೇ ಆತಲ್ರಿ."

ವ್ಯಾಪಾರಿಯ ಮಗಳು ನನ್ನ ತರಗತಿಯಲ್ಲಿದ್ದಳು. ಹಾಗಾಗಿ ಅವರ ಮನೆಗೆ ಹೋಗಿ, ಚಹಾ ಕುಡಿದು, ಸಮಾಧಾನ ಹೇಳಿ ಬರುವ ಕೆಲಸ ನನ್ನ ಕೊರಳಿಗೆ ಬಿತ್ತು.

ಇವೆಲ್ಲ ನಕ್ಕು ಬಿಡುವ ಮಾತು. ಮಾಳಮ್ಮನ ವಿಷಯದಲ್ಲಿ ಮಾತ್ರ ನನಗೆ ನಗುವುದಾಗಲಿಲ್ಲ.

ಮಾಳಮ್ಮ ಸಂತೆಕಲ್ಲೂರಿನ ಕುರಿ ಕಾಯುವವರ ಮಗಳು. ಗಣಿತದಲ್ಲಿ ಅವಳಷ್ಟು ಚುರುಕಾದ ಮಗುವನ್ನು ನಾನು ಆಮೇಲೆ ನೋಡಿಲ್ಲ. ಟೀಚರ್ ಆಗಬೇಕೆಂದು ಅವಳಿಗೆ ಆಸೆ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷಿನಲ್ಲಿ ಢಂ ಎಂದಳು. ಉತ್ತರ ಪತ್ರಿಕೆ ನೋಡಿದೆ. 'ನೀವು ಭೇಟಿ ಕೊಟ್ಟ ಒಂದು ನಗರ' ಎಂಬ ಪ್ರಬಂಧದ ಜಾಗ ಖಾಲಿ. ಯಾಕೆ ಬರೆಯಲಿಲ್ಲವೆಂದು ಕೇಳಿದರೆ, "ನಾ ಯಾವ ನಗರಾನೂ ನೋಡಿಲ್ರಿ ಟೀಚರ್ರ" ಎಂದಳು. ಅಯ್ಯೋ ದೇವರೇ!

ಮರುದಿನ ಅವಳ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಶಾಲೆಗೆ ಬಂದ. ಒಳ್ಳೆಯ ಮನುಷ್ಯ. "ಟೀಚರ್ರ, ನನ್ನ ಹೆಣತಿ ತಮ್ಮ ಹೆಣ್ಣು ಕೇಳಾಕತ್ಯಾನ್ರಿ. ಎಷ್ಟಂತ ಮುಂದ ದೂಡ್ಲಿ? ದೊಡ್ಡ ಪರೀಕ್ಷಾದಾಗ ಪಾಸಾದ್ಲಂದ್ರ ಮುಂದ ಓದ್ಲಿ, ನಿಮ್ಮಂಗ ಟೀಚರ್ ಆಗ್ಲಿ. ನಪಾಸ್ ಆತು ಅಂದ್ರ ಮಾವಗ ಕೊಟ್ಟು ಬಿಡ್ತೀನ್ರಿ." ಮಾಳಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು.

ನಾನು ನೆಟ್ಟಗೆ ಹೋಗಿ ಇಂಗ್ಲಿಷ್ ಸರ್ ಮುಂದೆ ನಿಂತೆ. "ಸರ್, ಆಕಿ ಬಾಳೇ ಹಾಳಾಗತೈತಿ. ಗೈಡಿನಾಗ ಮೈಸೂರಿನ ಪ್ರಬಂಧ ಐತಿ. ಬಾಯಿಪಾಠ ಮಾಡಸ್ರಿ."

"ಮಾಳಮ್ಮ ಮೈಸೂರು ನೋಡ್ಯಾಳೇನ್ರಿ?"

"ಗೈಡ್ ಬರದಂವನೂ ನೋಡಿರಾಕಿಲ್ಲ!"

"ಹಂಗಾರ ಅಂವನೂ ಬರೀಬಾರದಿತ್ತು. ಆಕಿ ಮಸ್ಕಿ ಬಗ್ಗೆ ಬರೀಲಿ. ಚೊಲೋ ಬರೀತಾಳ."

"ಪ್ರಶ್ನೆ ನಗರ ಅಂತ ಐತ್ರಿ!"

"ಪ್ರಶ್ನೆ ತಪ್ಪೈತಿ."

ಪಿತ್ತ ನೆತ್ತಿಗೇರಿತು. ನಿಮ್ಮ ಖರೇ ಮಾತಿಗೆ ಒಂದು ಹೆಣ್ಣುಮಗುವನ್ನು ಬಲಿ ಕೊಡುತ್ತೀರಾ ಎಂದು ಕೂಗಾಡಿದೆ. ಅವರು ಕಣ್ಣು ಮುಚ್ಚಿಕೊಂಡು ಕೊಡೆ ಕುಟ್ಟಿದರು. ಅಂದಿನಿಂದ ಅವರ ಜೊತೆ ಮಾತು ಬಿಟ್ಟೆ. ಊಟದ ವೇಳೆಯಲ್ಲಿ ಮಾಳಮ್ಮನನ್ನು ಕೂರಿಸಿಕೊಂಡು ನಾನೇ ಮೈಸೂರು ಬಾಯಿಪಾಠ ಮಾಡಿಸತೊಡಗಿದೆ. ಅವಳು ಹೇಳುತ್ತಿದ್ದಳು; ಕಹಿ ಔಷಧಿ ಕುಡಿದವರ ಮುಖ ಮಾಡಿಕೊಂಡು ಹೇಳುತ್ತಿದ್ದಳು.

ಅದೇ ದಿನಗಳಲ್ಲಿ ಲಿಂಗಸುಗೂರಿನಲ್ಲಿ ನಮ್ಮವ್ವ ಹಾಸಿಗೆ ಹಿಡಿದಳು. ಡಾಕ್ಟರಿಂದ ಹಿಡಿದು ಪಕ್ಕದ ಮನೆಯವರ ತನಕ ಎಲ್ಲರೂ, ಏನಾಗಂಗಿಲ್ಲ, ವಯಸ್ಸಾಗೈತಿ, ಎದ್ದು ಕುಂದರ್ತಾರ ಎನ್ನುವವರೇ. ಹೆಡ್‌ಮಾಸ್ತರರೂ ಅದನ್ನೇ ಹೇಳಿದರು. ಇಂಗ್ಲಿಷ್ ಸರ್ ಒಬ್ಬರು ಏನೂ ಹೇಳಲಿಲ್ಲ. ಒಂದು ಬಾಯಿಮಾತಿನ ಸಮಾಧಾನ ಹೇಳಲೂ ಬಾಯಿಲ್ಲವಲ್ಲ ಈ ಮನುಷ್ಯನಿಗೆ ಎಂದು ಒಳಗೊಳಗೇ ಬೈದುಕೊಂಡೆ. ಭಾನುವಾರ ಬಾಗಿಲು ಬಡಿದ ಸದ್ದಾಯಿತು. ನೋಡಿದರೆ, ಕೊಡೆ ಹಿಡಿದುಕೊಂಡು ನಿಂತಿದ್ದಾರೆ. ಒಳಗೆ ಬಂದವರೇ ಅವ್ವನ ಹತ್ತಿರ ಕುಳಿತರು. ಅವಳ ಕೈ ಹಿಡಿದುಕೊಂಡು ಹೊಲ, ಜೋಳ, ಅವಳ ತವರೂರು ಎಂದೆಲ್ಲ ಬಹಳ ಹೊತ್ತು ಮಾತಾಡಿದರು. ಹೊರಡುವಾಗ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದರು. "ಭಾಳ ಸೋತಾರ್ರಿ ಮೇಡಂ. ನಾಳಿಂದ ಸಾಲಿಗೆ ಬರಬ್ಯಾಡ್ರಿ. ಅವರ ಹಂತ್ಯಾಕ ಇರ್ರಿ."

ನನಗೆ ಅವರ ಕೆನ್ನೆಗೆ ಹೊಡೆಯಬೇಕೆನಿಸಿತು. ಆದರೂ ರಜೆ ಹಾಕಿದೆ. ಅದೇ ವಾರ ಅವ್ವ ನನ್ನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋದಳು. ಉಳಿದವರ ಮಾತು ಕೇಳಿದ್ದರೆ ಆ ಹೊತ್ತಿಗೆ ನಾನು ಮಸ್ಕಿಯಲ್ಲಿ ಸಮೀಕರಣ ಬಿಡಿಸುತ್ತ ನಿಂತಿರುತ್ತಿದ್ದೆ. ಈ ಉಪಕಾರವನ್ನು ನಾನು ಮರೆತಿಲ್ಲ. ಮಾತು ಬಿಟ್ಟದ್ದನ್ನು ಮಾತ್ರ ಮರೆತೆ.

ದೊಡ್ಡ ಪರೀಕ್ಷೆಯ ಕೇಂದ್ರ ಲಿಂಗಸುಗೂರಿನಲ್ಲಿತ್ತು. ಮಾಳಮ್ಮ ನಮ್ಮ ಮನೆಯಲ್ಲೇ ಇದ್ದು ಬರೆದಳು. ಇಂಗ್ಲಿಷ್ ಪರೀಕ್ಷೆ ಮುಗಿದ ದಿನ ನಾನು ಗೇಟಿನ ಹೊರಗೆ ಕಾಯುತ್ತಿದ್ದೆ. ಬಿಳಿಚಿಕೊಂಡ ಮುಖ ಹೊತ್ತು ಬಂದಳು.

"ಪ್ರಬಂಧ ಬಂತೇನಬೇ?"

"ನೋಡಿದ ನಗರ ಅಂತನ ಬಂತ್ರಿ. ಮೈಸೂರು ಸುರು ಮಾಡಿದೆ. ಅರಮನಿ ತನಕ ಬರದೆ. ಆಮ್ಯಾಲ ಮರ್ತು ಹೋತ್ರಿ ಟೀಚರ್ರ."

"ಖಾಲಿ ಬಿಟ್ಟೇನು?"

"ಇಲ್ರಿ." ತಲೆ ತಗ್ಗಿಸಿದಳು. "ಮೈಸೂರಾಗ ಒಂದು ನದಿ ಐತಿ, ನೀರಿಲ್ಲ ಅಂತ ಬರದೆ. ಅರಮನಿ ಮುಂದ ಬೇವಿನ ಗಿಡ ಐತಿ, ಅದರ ಕೆಳಗ ಮುದಗಲ್ ಬಸ್ ನಿಂದರತೈತಿ ಅಂತ ಬರದೆ. ಸಂತೆಕಲ್ಲೂರಿನಿಂದ ಕುರಿ ಹೊಡಕೊಂಡು ಸಂತಿಗೆ ಬರ್ತಾರ ಅಂತ ಬರದೆ. ಹಾಳಿ ತುಂಬಿತ್ರಿ."

ಅಲ್ಲೇ ರಸ್ತೆಯ ಮೇಲೆ ನಗಲೋ ಅಳಲೋ ತಿಳಿಯದೆ ನಿಂತುಬಿಟ್ಟೆ. ಇಡೀ ಮಸ್ಕಿಯನ್ನು ಎತ್ತಿಕೊಂಡು ಹೋಗಿ ಮೈಸೂರಿನಲ್ಲಿ ಇಳಿಸಿ ಬಂದಿದ್ದಳು ಹುಡುಗಿ! ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರೂ ಇದನ್ನು ಹೇಳಿದೆ. ಪತ್ರಿಕೆ ತಿದ್ದಿದವರು ಎಲ್ಲಿಯವರೋ, ಏನಂದುಕೊಂಡರೋ, ಅಂಚಿನಲ್ಲಿ ಪಾಸು ಮಾಡಿದ್ದರು. ಫಲಿತಾಂಶದ ದಿನ ಅವಳ ಅಪ್ಪ ಶಾಲೆಯ ಅಂಗಳದಲ್ಲಿ ನಿಂತು ಕಂಬಳಿಯ ತುದಿಯಿಂದ ಕಣ್ಣು ಒರೆಸಿಕೊಂಡ. ಮಾಳಮ್ಮ ಎಲ್ಲರಿಗೂ ಪೇಢೆ ಹಂಚುತ್ತ ಇಂಗ್ಲಿಷ್ ಸರ್ ಹತ್ತಿರ ಹೋದಳು. ಅವರು ಕೈ ಮುಂದೆ ಮಾಡಲಿಲ್ಲ.

"ಮೈಸೂರಾಗ ಮುದಗಲ್ ಬಸ್ ನಿಂತಿದ್ದು ನೋಡೀಯೇನು?"

"ಇಲ್ರಿ ಸರ್."

"ನೋಡಿ ಬಾ. ನೋಡಿ ಬಂದು ಏನೈತಿ ಏನಿಲ್ಲ ಅಂತ ನನಗ ಹೇಳು. ಆಮ್ಯಾಲ ತಿಂತೀನಿ."

ಹುಡುಗಿಯ ಬಾಳು ಉಳಿದ ದಿನ, ಊರೆಲ್ಲ ಸಂತೋಷ ಪಡುವಾಗ, ಒಂದು ಪೇಢೆ ಬಾಯಿಗೆ ಹಾಕಿಕೊಂಡಿದ್ದರೆ ಇವರ ಗಂಟು ಏನು ಹೋಗುತ್ತಿತ್ತು? ಮಾಳಮ್ಮನ ಕಣ್ಣಲ್ಲಿ ನೀರು ತುಂಬಿತು. ನಾನು ಎಲ್ಲರ ಎದುರೇ, "ನೀವು ಮನಷ್ಯಾರೇನ್ರಿ ಸರ್?" ಎಂದೆ. "ಪಾಸಾಗ್ಯಾಳ, ಖರೇ ಐತಿ, ನನಗೂ ಸಂತೋಷ ಆಗೈತಿ" ಎಂದರು. ಪೇಢೆ ಮಾತ್ರ ಮುಟ್ಟಲಿಲ್ಲ.

ತೊಂಬತ್ತರ ದಶಕದಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು. ಮಾಳಮ್ಮ ಟೀಚರ್ ತರಬೇತಿ ಮುಗಿಸಿ ಸಿಂಧನೂರಿನ ಹತ್ತಿರದ ಗೊರೇಬಾಳದ ಶಾಲೆಗೆ ಬಂದಳು. ತನಗೆ ಒಪ್ಪಿದವನನ್ನು ಮದುವೆಯಾದಳು. ಇಂಗ್ಲಿಷ್ ಸರ್ ನಿವೃತ್ತರಾದ ಮೇಲೆ ಮುದಗಲ್ಲಿಗೆ ಹೋಗಲಿಲ್ಲ. ಮಸ್ಕಿಯಲ್ಲೇ, ಹಳ್ಳದ ಆಚೆ ದಂಡೆಯಲ್ಲಿ ಮನೆ ಮಾಡಿದರು. ನಡುವೆ ಸಿಂಧನೂರಿನ ಹೊಸ ಕಾನ್ವೆಂಟಿನವರು ಅವರನ್ನು ಮರ್ಯಾದೆಯಿಂದ ಕರೆಸಿಕೊಂಡರು. ಅಲ್ಲಿಯ ಮಕ್ಕಳಿಗೆ ಲಂಡನ್ ಚೆನ್ನಾಗಿ ಬರುತ್ತಿತ್ತು. ಇವರು, ಸಿಂಧನೂರಿನಲ್ಲಿ ಏನಿದೆ ಎಂದು ಕೇಳಿದರು. ಕೆನಾಲು ಎಂದಿತಂತೆ ಒಂದು ಮಗು. "ನೋಡೀಯೇನು?" ಎಂದವರೇ ಟೈ ಕಟ್ಟಿದ ಅಷ್ಟೂ ಮಕ್ಕಳನ್ನು ಬಿಸಿಲಲ್ಲಿ ನಡೆಸಿಕೊಂಡು ಹೋಗಿ ಕೆನಾಲಿನ ದಂಡೆಯ ಮೇಲೆ ನಿಲ್ಲಿಸಿದರು. ಸೋಮವಾರದಿಂದ ಬರುವುದು ಬೇಡವೆಂದು ಹೇಳಿ ಕಳಿಸಿದರು ಕಾನ್ವೆಂಟಿನವರು. ನಮ್ಮ ಮನೆಗೆ ಬಂದು ಚಹಾ ಕುಡಿಯುತ್ತ, "ಕೆನಾಲ್ ಭಾಳ ಚೊಲೋ ಐತ್ರಿ ಮೇಡಂ" ಎಂದರು.

ಮಾಳಮ್ಮ ಪ್ರತಿ ದಸರೆಗೂ ಅವರಿಗೆ ಬನ್ನಿಯ ಎಲೆ ಕೊಡಲು ಮಸ್ಕಿಗೆ ಹೋಗುತ್ತಿದ್ದಳು. ಕಾಲಿಗೆ ಬಿದ್ದು ಬನ್ನಿ ಕೊಟ್ಟರೆ ತಲೆಯ ಮೇಲೆ ಕೈಯಿಟ್ಟು, "ಬಂಗಾರದಂಗ ಇರು. ಮೈಸೂರು ನೋಡಿದೇನು?" ಎನ್ನುತ್ತಿದ್ದರು. ಇಲ್ಲ ಎಂದರೆ, "ಹಂಗಾರ ಪೇಢೆ ಹಂಗೇ ಇರ್ಲಿ." ಅದು ಚೇಷ್ಟೆಯೆಂದು ನಾನು ತಿಳಿದಿದ್ದೆ. ಅವಳು ಹಾಗೆ ತಿಳಿದಿರಲಿಲ್ಲ. ತಾನು ಟೀಚರ್ ಆದದ್ದೇ ಒಂದು ಸುಳ್ಳಿನಿಂದ, ಅದನ್ನು ಸರ್ ಮುಂದೆ ಸರಿ ಮಾಡಿ ಮುಗಿಸಬೇಕು ಎಂದು ಅವಳಿಗೆ ಕೊರೆಯುತ್ತಿತ್ತು. ಮಕ್ಕಳು ಸಣ್ಣವರು, ಮೈಸೂರು ದೂರ. ವರ್ಷ ವರ್ಷ ಮುಂದೆ ಹೋಯಿತು. ಕೊನೆಗೆ ಒಂದು ದಸರೆ ರಜೆಯಲ್ಲಿ ಜೊತೆಯ ಟೀಚರುಗಳು ಹೊರಟಾಗ ಗಟ್ಟಿ ಮನಸ್ಸು ಮಾಡಿ ಹೋದಳು.

ಅವಳು ವಾಪಸು ಬಂದ ಬೆಳಿಗ್ಗೆಯೇ ನಮ್ಮ ಹಳೆಯ ವಿದ್ಯಾರ್ಥಿಯಾದ ಬಸ್ ಕಂಡಕ್ಟರನೊಬ್ಬ ನನ್ನ ಮನೆಯ ಮುಂದೆ ನಿಂತು, "ಟೀಚರ್ರ, ಇಂಗ್ಲಿಷ್ ಸರ್ ಹೋದ್ರಂತ್ರಿ" ಎಂದ. ಮಾಳಮ್ಮನಿಗೆ ಹೇಳಿ ಕಳಿಸಿದೆ. ಪ್ರಯಾಣದ ಚೀಲ ಬಿಚ್ಚುವ ಮೊದಲೇ ಓಡಿ ಬಂದಳು. ಕೈಯಲ್ಲಿ ಮೈಸೂರಿನ ಅಂಗಡಿಯ ಪೇಢೆಯ ಪೊಟ್ಟಣ. ಇಬ್ಬರೂ ಮಸ್ಕಿ ಬಸ್ಸು ಹತ್ತಿದೆವು.

ಆ ವಾರ ಪೂರ್ತಿ ಮಳೆ ಸುರಿದಿತ್ತು. ಮಸ್ಕಿಯಲ್ಲಿ ಇಳಿದು ಹಳ್ಳದ ಕಡೆ ನಡೆದರೆ, ದಂಡೆಯ ತುಂಬ ಜನ. ಆಚೆ ಹೋಗಲು ಇದ್ದ ಒಂದೇ ತಗ್ಗು ಸೇತುವೆ ಕಾಣಿಸಲೇ ಇಲ್ಲ. ಅದರ ಮೇಲೆ ಕೆಂಪು ನೀರು ಮುಳ್ಳುಕಂಟಿಗಳನ್ನು ಹೊತ್ತುಕೊಂಡು ಭೋರೆಂದು ಹೋಗುತ್ತಿತ್ತು. ಆಚೆ ದಂಡೆಯಲ್ಲಿ ಅವರ ಮನೆಯ ಓಣಿ, ಓಣಿಯ ಬಾಯಲ್ಲಿ ಮಂದಿ, ಇಷ್ಟೇ ಕಾಣುತ್ತಿತ್ತು. ಈಚೆ ನಿಂತವರಲ್ಲಿ ಮುಕ್ಕಾಲು ಪಾಲು ನಮ್ಮ ಶಾಲೆಯಲ್ಲಿ ಓದಿದವರೇ. ಪಾನ್ ಅಂಗಡಿಯವನು, ಸೊಸೈಟಿಯ ಗುಮಾಸ್ತ, ಮಗುವನ್ನು ಸೊಂಟಕ್ಕೆ ಹಾಕಿಕೊಂಡ ಹೆಣ್ಣುಮಕ್ಕಳು. ಮಣ್ಣಿಗೆ ಬಂದವರು, ದಾಟಲಾರದೆ ನಿಂತಿದ್ದರು. ಜೀವಮಾನವಿಡೀ ನೀರಿಲ್ಲ ನೀರಿಲ್ಲ ಎಂದು ಕೂಗಿಸಿ, ಇವತ್ತು ನಮ್ಮನ್ನು ಹೀಗೆ ನಿಲ್ಲಿಸಬೇಕೇ ಈ ಮನುಷ್ಯ!

ಪಾನ್ ಅಂಗಡಿಯವನಿಗೆ ಏನನಿಸಿತೋ, ಸರ್ ಕೂಗುತ್ತಿದ್ದ ಹಾಗೆಯೇ, "ಮಸ್ಕಿ ಹ್ಯಾಸ್ ಎ ರಿವರ್!" ಎಂದು ಕೂಗಿದ. ಅಭ್ಯಾಸಬಲದಿಂದ ದಂಡೆಯ ಮೇಲಿದ್ದವರೆಲ್ಲ ಎರಡನೆಯ ವಾಕ್ಯಕ್ಕೆ ಬಾಯಿ ತೆರೆದರು. ಎದುರಿಗಿದ್ದ ನೀರು ನೋಡಿದರು. ಒಬ್ಬರೂ ಹೇಳಲಿಲ್ಲ.

ಸಂಜೆಯ ತನಕ ಇಳಿಯುವುದಿಲ್ಲ, ಮಣ್ಣು ಮಧ್ಯಾಹ್ನಕ್ಕೇ ಅಂತೆ ಎಂದು ಯಾರೋ ಹೇಳಿದರು. ಜನ ಒಬ್ಬೊಬ್ಬರಾಗಿ ಆಚೆ ದಂಡೆಗೆ ಕೈಮುಗಿದು ಹೊರಟರು. ನಾನೂ ಮುಗಿದೆ.

"ನಡಿ ಮಾಳಮ್ಮ. ನೀರು ಇಳಿಯೂದ್ರಾಗ ಎಲ್ಲಾ ಮುಗದಿರತೈತಿ. ಬಸ್ ನಿಂತೈತಿ."

ಅವಳು ಪೊಟ್ಟಣ ಎದೆಗವಚಿಕೊಂಡು ನಿಂತೇ ಇದ್ದಳು. "ನೀವು ಹೋಗ್ರಿ ಟೀಚರ್ರ. ನಾ ಬರಂಗಿಲ್ಲ."

"ಹುಚ್ಚಿ ಹಂಗ ಮಾಡಬ್ಯಾಡ. ಇಲ್ಲಿ ನಿಂತು ಏನು ಮಾಡ್ತಿ?"

"ಮುಂಜಾನಿಂದ ಎಲ್ಲಾರೂ ಹೋದ್ರಂತ, ಹೋದ್ರಂತ ಅನ್ನಾಕತ್ಯಾರ. ನೋಡಿದಂವ ಒಬ್ಬಾಂವರ ಅದಾನೇನ್ರಿ ಈ ದಂಡ್ಯಾಗ? ನೀರು ಇಳದ ಮ್ಯಾಲ ಹೋಗಿ ಮಣ್ಣು ಕೊಟ್ಟ ಜಾಗಾನಾದ್ರೂ ನೋಡ್ತೀನ್ರಿ. ರಜಾ ಮುಗದ ಮ್ಯಾಲ ನಮ್ಮ ಸರ್ ಇಲ್ಲ ಅಂತ ನಾ ಮಕ್ಕಳಿಗೆ ಹೇಳಬೇಕಲ್ರಿ. ನೋಡಲಾರದ ಹ್ಯಾಂಗ ಹೇಳ್ಲಿ?"

ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲೆ, ಅವಳ ಮೇಲೆ, ಇಷ್ಟು ವರ್ಷ ಒಣಗಿ ಬಿದ್ದಿದ್ದು ಇವತ್ತೇ ಬಂದ ಆ ಹಳ್ಳದ ಮೇಲೆ. "ಹಂಗಾರ ಕುಂದ್ರು ಇಲ್ಲೇ!" ಎಂದು ಗದರಿದೆ. ಹಿಂದೆ ಬೇವಿನ ಗಿಡದ ಕೆಳಗಿನಿಂದ ಸಿಂಧನೂರಿನ ಬಸ್ಸು ಹಾರ್ನ್ ಹೊಡೆಯಿತು, ಮತ್ತೊಮ್ಮೆ ಹೊಡೆಯಿತು, ಹೊರಟು ಹೋಯಿತು. ನಾನು ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕ ಒದ್ದೆ ಕಲ್ಲಿನ ಮೇಲೆ ಕುಳಿತೆ. ನಾನೂ ಇನ್ನೂ ನೋಡಿರಲಿಲ್ಲ.